ಕ್ಯಾನ್ವಾ, ಫೋಟೋಶಾಪ್, ಜಿಂಪ್, ಫಿಗ್ಮಾ: ನಮ್ಮ ಥ್ರಿಲ್ಲರ್ ಪ್ರಚಾರಕ್ಕೆ ಯಾವುದು ಒದಗಿತು

ಕಾಲೇಜು ಹುಡುಗರ ಥ್ರಿಲ್ಲರ್ ಕಿರುಚಿತ್ರಗಳಲ್ಲಿ ಒಂದು ತೊಂದರೆ ಪದೇ ಪದೇ ಕಾಣುತ್ತದೆ. ಪೋಸ್ಟರ್‌ನಲ್ಲಿ ಟೈಟಲ್ ಒಂದು ಥರ, ಟೀಸರ್‌ನಲ್ಲಿ ಇನ್ನೊಂದು ಥರ, ಥಂಬ್‌ನೇಲ್‌ನಲ್ಲಿ ಮತ್ತೊಂದು. ಕೆಂಪು ಬಣ್ಣ ಕೂಡ ಒಂದೊಂದು ಕಡೆ ಒಂದೊಂದು. ಹೆಸರು ಓದಿದ ಮೇಲೇ ಎಲ್ಲ ಒಂದೇ ಸಿನಿಮಾದ್ದು ಅಂತ ಗೊತ್ತಾಗುವುದು. ನಮ್ಮ ಕಿರುಚಿತ್ರ 'ಹನ್ನೊಂದನೇ ಮೆಟ್ಟಿಲು'ಗೆ ಹಾಗಾಗಬಾರದು ಅಂತ ಒಂದೇ ಪ್ರಚಾರದ ಸೆಟ್ಟನ್ನು ಬೇರೆ ಬೇರೆ ಸಾಫ್ಟ್‌ವೇರ್‌ಗಳಲ್ಲಿ ಮಾಡಿ ನೋಡಿದೆ. ಸೆಟ್ ಅಂದರೆ ಎ3 ಪೋಸ್ಟರ್, ಇನ್‌ಸ್ಟಾ ಪೋಸ್ಟ್ (1080×1350), ಸ್ಟೋರಿ (1080×1920), ಯೂಟ್ಯೂಬ್ ಥಂಬ್‌ನೇಲ್ (1280×720), ಜೊತೆಗೆ ಟೀಸರ್ ಕೊನೆಯಲ್ಲಿ ಬರುವ ಟೈಟಲ್ ಕಾರ್ಡ್.

ಮೊದಲು ಕ್ಯಾನ್ವಾ. ಬೇಗ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಫೋನಲ್ಲೇ ಕೂತು ಸ್ಟೋರಿ ಮಾಡಿ ಹಾಕಬಹುದು, ಟೀಮಿನವರೆಲ್ಲ ಒಂದೇ ಫೈಲ್ ತೆರೆದು ಕೆಲಸ ಮಾಡಬಹುದು. ಆದರೆ ಎಲ್ಲ ಕಡೆ ಒಂದೇ ಥರ ಕಾಣಬೇಕು ಅಂದಾಗ ಬೇಕಾಗುವ ಸೌಲಭ್ಯಗಳೇ ದುಡ್ಡು ಕೊಟ್ಟವರಿಗೆ ಮಾತ್ರ. ಒಂದು ಸೈಜಿನದ್ದನ್ನು ತಾನಾಗಿಯೇ ಇನ್ನೊಂದು ಸೈಜಿಗೆ ಬದಲಿಸುವುದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಇಳಿಸಿಕೊಳ್ಳುವುದು, ಪ್ರಿಂಟಿಗೆ ಬೇಕಾದ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ ಪದ್ಧತಿ) ಪಿಡಿಎಫ್, ಎಲ್ಲಾ ಪ್ರೋನಲ್ಲೇ. ಇನ್ನು ಅದರ ಥ್ರಿಲ್ಲರ್ ಟೆಂಪ್ಲೇಟ್‌ಗಳು! ಹೊಗೆ, ಹುಡ್ ಹಾಕಿಕೊಂಡ ನೆರಳು, ಸವೆದ ಇಂಗ್ಲಿಷ್ ಅಕ್ಷರ. ಅದೇ ಟೆಂಪ್ಲೇಟನ್ನು ಪಕ್ಕದ ಕಾಲೇಜಿನವರೂ ತೆಗೆದುಕೊಂಡಿರುತ್ತಾರೆ, ಅಲ್ವಾ?

ಫೋಟೋಶಾಪ್ ಬಲಶಾಲಿಯೇ, ಆದರೆ ಕನ್ನಡ ಬಂದ ಕೂಡಲೇ ಮುನಿಸಿಕೊಳ್ಳುತ್ತದೆ. ಪ್ರಿಫರೆನ್ಸಸ್ ಒಳಗೆ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳಿಗಿರುವ ಟೆಕ್ಸ್ಟ್ ಎಂಜಿನ್ ಆರಿಸದಿದ್ದರೆ 'ಮೆಟ್ಟಿಲು' ಅನ್ನುವುದು 'ಮೆಟ್ ಟಿಲು' ಅಂತ ಒಡೆದು ಬರುತ್ತದೆ. ಹೊಸ ವರ್ಷನ್‌ಗಳಲ್ಲಿ ಅದಕ್ಕೆ ವರ್ಲ್ಡ್ ರೆಡಿ ಲೇಔಟ್ ಅಂತ ಹೆಸರು. ಕಾಲೇಜು ಲ್ಯಾಬಿನ ಹಳೇ ವರ್ಷನ್‌ಗಳಲ್ಲಿ ಜನ ಇದಕ್ಕೇ ಹಳೇ ನುಡಿ ಫಾಂಟ್ ಹಿಡಿದುಕೊಂಡಿರುತ್ತಾರೆ. ಅದು ಯೂನಿಕೋಡ್ (ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ) ಅಲ್ಲ. ಅಲ್ಲಿ ಬರೆದದ್ದನ್ನು ಯೂಟ್ಯೂಬ್ ವಿವರಣೆಗೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಫೋಟೋ ಮೇಲೆ ಸೂಕ್ಷ್ಮ ಕೆಲಸ ಮಾಡಲು ಫೋಟೋಶಾಪ್‌ಗೆ ಸಾಟಿ ಇಲ್ಲ, ಆದರೆ ತಿಂಗಳ ಬಾಡಿಗೆ ವಿದ್ಯಾರ್ಥಿಗಳ ಜೇಬಿಗೆ ಭಾರ.

ಫೋಟೋ ತಿದ್ದುವ ಜಿಂಪ್ ಮತ್ತು ಗೆರೆ-ಆಕಾರಗಳ ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಎರಡೂ ಉಚಿತ. ಒತ್ತಕ್ಷರದ ತಲೆನೋವು ಇಲ್ಲವೇ ಇಲ್ಲ, ಏನೂ ಸೆಟ್ಟಿಂಗ್ ಮಾಡದೆ ಕನ್ನಡ ಸರಿಯಾಗಿ ಕೂರುತ್ತದೆ. 2025ರ ಮಾರ್ಚ್‌ನಲ್ಲಿ ಬಂದ ಜಿಂಪ್ 3.0ರಲ್ಲಿ ಹಾಕಿದ ಫಿಲ್ಟರನ್ನು ಆಮೇಲೂ ತಿದ್ದಬಹುದು. ಪೋಸ್ಟರ್‌ನ ಕತ್ತಲೆ ಎಷ್ಟಿರಬೇಕು ಅಂತ ನಿರ್ದೇಶಕರು ಗಂಟೆಗೊಮ್ಮೆ ಮನಸ್ಸು ಬದಲಿಸುವಾಗ ಇದು ದೊಡ್ಡ ಉಪಕಾರ. ಕೊರತೆ ಅಂದರೆ, ಜಿಂಪ್ 3.0ರಲ್ಲಿ ಐದೂ ಸೈಜಿನ ಫೈಲನ್ನು ಒಂದೊಂದಾಗಿ ತೆರೆದು ತಿದ್ದಬೇಕು. ಬಿಡುಗಡೆ ದಿನಾಂಕ ಬದಲಾಯಿತೋ, ಮುಗೀತು ಕಥೆ.

ಫಿಗ್ಮಾ ಗೆದ್ದದ್ದು ಇಲ್ಲೇ. ಇದು ಆ್ಯಪ್ ಡಿಸೈನ್ ಮಾಡುವವರ ಸಾಧನ, ಪೋಸ್ಟರ್‌ನವರದ್ದಲ್ಲ. ಆದರೆ ಅದರಲ್ಲಿ ಕಾಂಪೊನೆಂಟ್ ಅಂತ ಒಂದಿದೆ. ಟೈಟಲ್, ದಿನಾಂಕದ ಸಾಲು, ಹೆಸರುಗಳ ಪಟ್ಟಿ, ಇವನ್ನು ಒಮ್ಮೆ ಕಾಂಪೊನೆಂಟ್ ಮಾಡಿ ಐದೂ ಸೈಜಿನ ಫ್ರೇಮಿನಲ್ಲಿ ಇಟ್ಟರೆ, ಮೂಲದಲ್ಲಿ ತಿದ್ದಿದ್ದು ಎಲ್ಲ ಕಡೆ ತಾನೇ ಬದಲಾಗುತ್ತದೆ. ಬಣ್ಣವೂ ಹಾಗೇ. ನಮ್ಮ ಕೆಂಪನ್ನು ಸ್ಟೈಲ್ ಆಗಿ ಉಳಿಸಿದ ಮೇಲೆ ಯಾರೂ ಅಂದಾಜಿನಲ್ಲಿ ಕೆಂಪು ಆರಿಸುವ ಹಾಗಿಲ್ಲ. ಗೂಗಲ್ ಫಾಂಟ್ಸ್ ಒಳಗೇ ಇರುವುದರಿಂದ ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ನೇರವಾಗಿ ಸಿಗುತ್ತವೆ. ವಿದ್ಯಾರ್ಥಿಗಳಿಗೆ ಉಚಿತ ಪ್ಲಾನ್ ಇದೆ. ಸಿಎಂವೈಕೆ ಮಾತ್ರ ಇಲ್ಲ, ಹಾಗಾಗಿ ಎ3 ಪೋಸ್ಟರ್‌ನ ಕೊನೇ ಕೆಲಸ ಹೊರಗೇ ಆಗಬೇಕು.

ಟೈಟಲ್ ವಿಷಯದಲ್ಲಿ ಫಾಂಟ್ ಮತ್ತು ಕೈಬರಹ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಅನೇಕ್ ಕನ್ನಡದಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಬದಲಿಸಬಹುದು, ಕಿರಿದು ಮಾಡಿದರೆ ಬಿಗಿಯಾಗಿ ಚೆನ್ನಾಗಿಯೇ ಇತ್ತು. ಆದರೂ ಸುದ್ದಿ ಚಾನೆಲ್ಲಿನ ಪಟ್ಟಿಯ ನೆನಪು ಹೋಗಲಿಲ್ಲ. ನಮ್ಮ ಕ್ಯಾಮೆರಾ ಹುಡುಗಿ ದಪ್ಪ ಮಾರ್ಕರ್ ಹಿಡಿದು ಬಿಳಿ ಹಾಳೆ ಮೇಲೆ ಬರೆದಳು. 'ಟ್ಟಿ'ಯ ಕೆಳಗಿನ ಒತ್ತನ್ನು ಸ್ವಲ್ಪ ಬಲಕ್ಕೆ ಸರಿಸಿ, ಇನ್ನೊಂದು ಮೆಟ್ಟಿಲು ಇಳಿದ ಹಾಗೆ ಕೂರಿಸಿದಳು. ಫಾಂಟಿನಲ್ಲಿ ಅದು ಆಗದು. ಹಾಳೆಯ ಫೋಟೋ ತೆಗೆದು ಇಂಕ್‌ಸ್ಕೇಪಿನ ಟ್ರೇಸ್ ಬಿಟ್‌ಮ್ಯಾಪ್‌ನಲ್ಲಿ ಎಸ್‌ವಿಜಿ (ಎಷ್ಟು ದೊಡ್ಡದು ಮಾಡಿದರೂ ಒಡೆಯದ ಚಿತ್ರ) ಮಾಡಿದೆವು. ಆಮೇಲೆ ಎಲ್ಲೂ ಟೈಟಲನ್ನು ಟೈಪ್ ಮಾಡಬಾರದು ಅಂತ ನಿಯಮ ಹಾಕಿಕೊಂಡೆವು. ಟೀಸರ್‌ನಲ್ಲೂ ಹಿನ್ನೆಲೆ ಇಲ್ಲದ ಪಿಎನ್‌ಜಿಯಾಗಿ ಅದೇ ಹೋಯಿತು, ಹಾಗಾಗಿ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಕನ್ನಡ ಬರುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಏಳಲಿಲ್ಲ.

ಚಿತ್ರ ಎಲ್ಲಿಂದ ತರೋದು? ಸಿನಿಮಾದ ಫ್ರೇಮ್ ತೆಗೆದರೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಎ3 ಹಾಳೆಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 3508×4961 ಪಿಕ್ಸೆಲ್ ಬೇಕು, ಫುಲ್ ಎಚ್‌ಡಿ ಫ್ರೇಮ್ ಇರುವುದು 1920×1080. ಅಡ್ಡ ಫ್ರೇಮನ್ನು ಉದ್ದ ಪೋಸ್ಟರಿಗೆ ಹಿಗ್ಗಿಸಿದರೆ ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ ಎಳೆಯಬೇಕು. ಮೇಲಾಗಿ ವಿಡಿಯೋ ಶಟರ್ ಸಾಮಾನ್ಯವಾಗಿ 1/50 ಸೆಕೆಂಡ್ ತೆರೆದಿರುತ್ತದೆ, ಓಡುವ ಕಾಲು ಮಸುಕಾಗಿಯೇ ಇರುತ್ತದೆ. ಸ್ಟೋರಿ, ಥಂಬ್‌ನೇಲ್‌ಗಳಿಗೆ ಫ್ರೇಮ್ ಸಾಕು. ಪೋಸ್ಟರಿಗೆ ಮಾತ್ರ ಅದೇ ಲೊಕೇಶನ್, ಅದೇ ಲೈಟ್ ಇರುವಾಗಲೇ, ಪ್ಯಾಕಪ್ ಅನ್ನುವ ಮುಂಚೆ ಸ್ಟಿಲ್ ತೆಗೆದುಕೊಳ್ಳಿ. ಆ ಸ್ಟಿಲ್ಲನ್ನು ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ಗೆ ಹಾಕಿ ಸಿನಿಮಾದ ಗ್ರೇಡನ್ನೇ (ಬಣ್ಣ ತಿದ್ದುಪಡಿಯನ್ನೇ) ಅದರ ಮೇಲೂ ಪೇಸ್ಟ್ ಮಾಡಬಹುದು. ಪೋಸ್ಟರ್‌ಗೂ ಟೀಸರ್‌ಗೂ ಬಣ್ಣ ಹೊಂದಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಗಲಿಲ್ಲ. ಎಐ ಚಿತ್ರವನ್ನೂ ನೋಡಿದೆವು. ಒಂದೊಂದು ಸಲಕ್ಕೆ ನಾಯಕಿ ಬೇರೆ ಮುಖ ತೊಟ್ಟು ಬಂದಳು. ಬಿಟ್ಟುಬಿಟ್ಟೆವು.

ಕಪ್ಪಿನ ಮೇಲೆ ಕೆಂಪು ಅಕ್ಷರ ಥ್ರಿಲ್ಲರ್‌ನವರ ಮೊದಲ ಆಸೆ. ಆದರೆ ಜೆಪಿಜಿ ಫೈಲ್ ಚಿಕ್ಕದಾಗಿಸುವಾಗ ಬಣ್ಣದ ವಿವರವನ್ನು ಹೊಳಪಿನ ವಿವರಕ್ಕಿಂತ ಜಾಸ್ತಿ ಕಡಿಮೆ ಮಾಡುತ್ತದೆ, ಕೆಂಪಿಗೂ ಕಪ್ಪಿಗೂ ಹೊಳಪಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಅದಕ್ಕೇ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಹೋದ ಮೇಲೆ ಅಂಚು ಕದಡಿ ಹೋಗುತ್ತದೆ. ನಾವು ಟೈಟಲ್‌ಗೆ ಮಾಸಲು ಬಿಳಿ ಇಟ್ಟು, ಆ ಒತ್ತಿಗೆ ಮಾತ್ರ ಕೆಂಪು ಕೊಟ್ಟೆವು. ಮೂಲ ಫೈಲ್ ಕಳಿಸುವುದಾದರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ. ಇನ್‌ಸ್ಟಾದಲ್ಲೂ ಒಂದು ಎಚ್ಚರ ಬೇಕು: 2025ರಿಂದ ಪ್ರೊಫೈಲ್ ಗ್ರಿಡ್ 3:4 ಆಗಿದೆ, 1080×1350 ಪೋಸ್ಟಿನ ಎರಡೂ ಪಕ್ಕ ಮೂವತ್ತು ಚಿಲ್ಲರೆ ಪಿಕ್ಸೆಲ್ ಕಾಣುವುದಿಲ್ಲ. ಅಕ್ಷರವನ್ನು ಅಂಚಿಗೆ ಒತ್ತಬೇಡಿ.

ಪ್ರಿಂಟ್ ಅಂಗಡಿಯ ಗೋಳು ಬೇರೆ. ಎಷ್ಟೋ ಕಡೆ ಫೈಲನ್ನು ಕೋರಲ್‌ಡ್ರಾದಲ್ಲಿ ತೆರೆಯುತ್ತಾರೆ, ಅವರ ಕಂಪ್ಯೂಟರಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಒಂದು ಅಂಗಡಿಯಲ್ಲಿ ನಮ್ಮ ಹೆಸರುಗಳ ಪಟ್ಟಿಯನ್ನು ಕೇಳದೆಯೇ ತಮ್ಮಲ್ಲಿದ್ದ ಫಾಂಟಿಗೆ ಬದಲಿಸಿ, ಅರ್ಕಾವತ್ತುಗಳನ್ನೆಲ್ಲ ನುಂಗಿ ಹಾಕಿಕೊಟ್ಟರು. ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿದ (ಅಂದರೆ ಫಾಂಟ್ ಬೇಕಿಲ್ಲದ ಆಕಾರಗಳಾಗಿಸಿದ) ಪಿಡಿಎಫ್ ಕೊಟ್ಟರೆ ಈ ರಗಳೆ ಇರುವುದಿಲ್ಲ. ಮೊಬೈಲ್ ಸ್ಕ್ರೀನಲ್ಲಿ ಕಾಣುವ ನೆರಳಿನ ವಿವರ ಕಾಗದದ ಮೇಲೆ ಬರೀ ಕಪ್ಪು ಮುದ್ದೆಯಾಗುತ್ತದೆ, ಹಾಗಾಗಿ ಪೋಸ್ಟರ್‌ನ ಕತ್ತಲೆ ಭಾಗವನ್ನು ಸ್ವಲ್ಪ ಎತ್ತಿ, ಮೊದಲು ಎ4ನಲ್ಲಿ ಒಂದು ಪ್ರತಿ ತೆಗೆಸಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ನೋಟಿಸ್ ಬೋರ್ಡಿನ ಮೇಲೆ ಬೀಳುವುದು ಅದೇ ಬೆಳಕು.