ಮಕ್ಕಳ ಫಾರಂಗೆ ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಹೈಸ್ಕೂಲ್ ಮಕ್ಕಳಿರುವ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ ಕಡೆಯವರು ದಯವಿಟ್ಟು ಗಮನಿಸಿ. ಕೋಚಿಂಗ್‌ನವರು ಶಾಲೆಗೇ ಬಂದು ಉಚಿತ ಪರೀಕ್ಷೆ, ಉಚಿತ ಆ್ಯಪ್, ಮುಂದೆ ಏನು ಓದಬೇಕು ಅಂತ ಉಚಿತ ಸಲಹೆ ಅಂದರೆ, ಅವರ ಫಾರಂಗೆ ಸುಮ್ನೆ ಸಹಿ ಹಾಕಿ ಕಳಿಸಬೇಡಿ. ಕೋಚಿಂಗ್‌ನವರ ಹೆಸರು, ಶಾಲೆಯ ಹೆಸರು ಬರೆಯುತ್ತಿಲ್ಲ. ಮಗಳು ಇನ್ನೂ ಅಲ್ಲೇ ಓದುತ್ತಿದ್ದಾಳೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗಿರುವ ಹಳ್ಳಿ. ಮಗಳು ಹತ್ತನೇ ಕ್ಲಾಸ್. ಶಾಲೆ ಶುರುವಾದ ಹೊಸತರಲ್ಲೇ ಫಾರಂ ಮನೆಗೆ ಬಂತು. ಹೆಸರು, ಫೋನ್ ನಂಬರ್ ಕೇಳಿದ್ದು ಸರಿ. ಅದರ ಕೆಳಗೆ ಜಾತಿ, ವರ್ಷದ ಆದಾಯ, ಅಪ್ಪನ ಕೆಲಸ, ಎಸ್‌ಎಟಿಎಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ನಂಬರ್), ಆಧಾರ್ ಜೆರಾಕ್ಸ್. ಗಣಿತ ಪರೀಕ್ಷೆ ಬರೆಯೋಕೆ ಜಾತಿ ಯಾಕೆ ಬೇಕು? ಕೇಳಿದ್ದಕ್ಕೆ "ಎಲ್ಲರೂ ಕೊಟ್ಟಿದ್ದಾರೆ, ನಿಮ್ಮದೊಂದೇ ಬಾಕಿ" ಅಂತ ಉತ್ತರ. ಮಾಹಿತಿಯನ್ನು ಬೇರೆ ಸಂಸ್ಥೆಗಳ ಜೊತೆ ಹಂಚಿಕೊಳ್ಳಲು ಒಪ್ಪಿಗೆ ಇದೆ ಎಂಬ ಸಾಲು ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅದರ ಮುಂದೆ ಟಿಕ್ ಮಾರ್ಕ್ ಮೊದಲೇ ಅಚ್ಚಾಗಿತ್ತು! ಒಪ್ಪಿಗೆಯನ್ನೂ ಅವರೇ ಕೊಟ್ಟುಕೊಂಡಿದ್ದರು.

ಆ್ಯಪ್‌ನಲ್ಲಿ ದಿನಾ ವಿಡಿಯೋ ನೋಡಬೇಕು, ಸಣ್ಣ ಟೆಸ್ಟ್ ಬರೆಯಬೇಕು. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಡೆ ಹೋದ ಕರೆಂಟ್ ಯಾವಾಗ ಬರುತ್ತದೆ ಅಂತ ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಸ್ವಲ್ಪ ಹೊತ್ತಿಗೆ ಟವರ್ ಕೂಡ ಸತ್ತಿರುತ್ತದೆ. ಪುನರ್ವಸು, ಪುಷ್ಯ, ಆಶ್ಲೇಷಾ ಮುಗಿಯುವವರೆಗೂ ಇದೇ ಕಥೆ. ಮಗಳು ಪುಸ್ತಕ ಹಿಡಿದು ಓದುತ್ತಿದ್ದಳು. ಅದು ಆ್ಯಪ್‌ಗೆ ಹೇಗೆ ಗೊತ್ತಾಗಬೇಕು?

ದಸರಾ ರಜೆ ಮುಗಿದು ಸ್ವಲ್ಪ ದಿನಕ್ಕೆ ಪೋಷಕರ ಸಭೆಯಲ್ಲಿ ಎಲ್ಲರಿಗೂ ಒಂದೊಂದು ಕಲರ್ ಪ್ರಿಂಟ್ ಕೊಟ್ಟರು. ನಮ್ಮದರಲ್ಲಿ ಮೇಲೇ ಕೆಂಪು ಚುಕ್ಕಿ. "ಕಲಿಕೆಯಲ್ಲಿ ಆಸಕ್ತಿ: ಕಡಿಮೆ. ವಿಜ್ಞಾನ ವಿಭಾಗ: ಸೂಕ್ತವಲ್ಲ." ಕೆಳಗೆ ಅವಳ ಆ್ಯಪ್ ಬಳಕೆಯ ಗ್ರಾಫ್. ಜೂನ್ ಮೊದಲಲ್ಲಿ ಗೆರೆ ಮೇಲಿದೆ, ಜುಲೈ, ಆಗಸ್ಟ್‌ನಲ್ಲಿ ನೆಲ ಕಚ್ಚಿದೆ, ಸೆಪ್ಟೆಂಬರ್‌ನಲ್ಲಿ ನಿಧಾನಕ್ಕೆ ಏಳುತ್ತದೆ, ಅಕ್ಟೋಬರ್‌ನಲ್ಲಿ ಮತ್ತೆ ತುದಿಗೆ. ನಮ್ಮೂರಿನ ಯಾರಿಗೆ ತೋರಿಸಿದರೂ ಇದು ಮಳೆ ಲೆಕ್ಕ, ತಲೆಕೆಳಗೆ ಬರೆದಿದ್ದಾರೆ ಅಷ್ಟೇ ಅನ್ನುತ್ತಿದ್ದರು. ಪೇಟೆಯಲ್ಲಿ ವೈಫೈ ಇರುವ ಮನೆಯ ಮಕ್ಕಳು ಹೆಚ್ಚಿನವರು ಹಸಿರು. ಕಾಡಂಚಿನಿಂದ ಬಸ್ಸಿಗೆ ಬರುವ ಮಕ್ಕಳೇ ಕೆಂಪಿನಲ್ಲಿ ಜಾಸ್ತಿ. ಇವರು ಅಳೆದದ್ದು ಆಸಕ್ತಿಯನ್ನೋ, ಸಿಗ್ನಲ್ಲನ್ನೋ?

ಇಷ್ಟಕ್ಕೇ ನಿಂತಿದ್ದರೆ ಹಾಳೆ ಹರಿದು ಒಲೆಗೆ ಹಾಕಿ ಸುಮ್ಮನಿರುತ್ತಿದ್ದೆ. ಕೆಂಪು ಚುಕ್ಕಿಯವರನ್ನೆಲ್ಲ ಸಂಜೆ 'ಪಾಸಿಂಗ್ ಪ್ಯಾಕೇಜ್' ಕ್ಲಾಸಿಗೆ ಹಾಕಿದರು. ಹೇಗಾದರೂ ಪಾಸ್ ಆಗಲಿ ಅಂತ ಬರುವ ಪ್ರಶ್ನೆಗಳನ್ನಷ್ಟೇ ಉರು ಹೊಡೆಸುವ ಕ್ಲಾಸ್ ಅದು. ಶಾಲೆಯಲ್ಲೇ ಆಗಾಗ ನಡೆಸುವ ಎಫ್‌ಎ ಟೆಸ್ಟ್‌ಗಳಲ್ಲಿ ಮಗಳ ಗಣಿತದ ಅಂಕ ಚೆನ್ನಾಗಿಯೇ ಇತ್ತು. ಉತ್ತರ ಪತ್ರಿಕೆ ತಿದ್ದಿದ ಮೇಡಂ ಅಲ್ಲೇ ಕೂತಿದ್ದರು. ಆದರೂ ಹೆಡ್‌ಮಾಸ್ಟರ್ "ಇದೆಲ್ಲ ಕಂಪ್ಯೂಟರೇ ಮಾಡೋದಮ್ಮ, ನಮ್ಮ ಕೈಯಲ್ಲಿಲ್ಲ" ಅಂದರು. ಮೂರು ವರ್ಷ ಪಾಠ ಮಾಡಿದವರ ಮಾತಿಗಿಂತ ಮಗುವಿನ ಮುಖವನ್ನೇ ನೋಡದ ಆ್ಯಪ್ ಮಾತು ಹೆಚ್ಚಾಯಿತು. ನನಗೆ ತೀರಾ ಸಿಟ್ಟು ಬಂದದ್ದು ಇಲ್ಲೇ.

ಅದೇ ವಾರ ಯಾರೋ ಪೂರ್ತಿ ಎಕ್ಸೆಲ್ ಪಟ್ಟಿಯನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಹೆಸರು, ಅಪ್ಪನ ನಂಬರ್, ಜಾತಿ, ಆದಾಯ, ಬಣ್ಣ. ಆಮೇಲೆ ಡಿಲೀಟ್ ಮಾಡಿದರು, ಅಷ್ಟರಲ್ಲಿ ಎಲ್ಲರೂ ನೋಡಿ ಆಗಿತ್ತು. ಹುಡುಗರು ಕೆಂಪು ಚುಕ್ಕಿಯವರನ್ನು 'ರೆಡ್ ಲೈಟ್' ಅಂತ ಕರೆಯಲು ಶುರು ಮಾಡಿದರು.

ಆಮೇಲೆ ಫೋನ್‌ಗಳು. ಬೆಂಗಳೂರಿನ ಯಾವುದೋ ಕೋರ್ಸ್‌ನವರು. "ನಿಮ್ಮ ಮಗಳು ಮ್ಯಾತ್ಸ್‌ನಲ್ಲಿ ವೀಕ್ ಅಲ್ವಾ ಸರ್? ನಿಮ್ದು ಅಡಿಕೆ ವ್ಯಾಪಾರ, ಇಎಂಐ ಏನು ಕಷ್ಟ ಸರ್?" ನಾವು ವ್ಯಾಪಾರದವರಲ್ಲ, ಸಣ್ಣ ತೋಟದವರು. ಫಾರಂನಲ್ಲಿ 'ಅಡಿಕೆ ಬೆಳೆಗಾರ' ಅಂತಲೇ ಬರೆದಿತ್ತು. ಅದನ್ನು ಟೈಪ್ ಮಾಡಿದವರು 'ಅಡಿಕೆ ವ್ಯಾಪಾರ' ಅಂತ ಹಾಕಿದ್ದರು, ವಾಟ್ಸಾಪ್ ಪಟ್ಟಿಯಲ್ಲೂ ಹಾಗೇ ಇತ್ತು. ತಪ್ಪೂ ಸಮೇತ ಆ ಪಟ್ಟಿಯೇ ಅವರ ಕೈಗೆ ಹೋಗಿತ್ತು. 1909ಕ್ಕೆ ಹೇಳಿ ಡಿಎನ್‌ಡಿ (ಜಾಹೀರಾತು ಕರೆ ಬೇಡ ಎಂಬ ನೋಂದಣಿ) ಹಾಕಿಸಿದ ಮೇಲೆ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ.

ಶಾಲೆ ಏನೂ ಕೇಳಲೇಬಾರದು ಅನ್ನುತ್ತಿಲ್ಲ. ಎಸ್‌ಎಸ್‌ಎಲ್‌ಸಿ ನೋಂದಣಿಗೆ ಎಸ್‌ಎಟಿಎಸ್ ನಂಬರ್ ಬೇಕು. ಸರ್ಕಾರದ ಸ್ಕಾಲರ್‌ಶಿಪ್‌ಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಅದಕ್ಕೆ ಕೊಟ್ಟದ್ದು ಅದಕ್ಕೇ ಬಳಕೆಯಾಗಬೇಕು. ಇನ್ನು ಆಧಾರ್. ಶಾಲೆಗೆ ಸೇರಲು ಅದು ಕಡ್ಡಾಯವಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹಾಗಿರುವಾಗ ಕೋಚಿಂಗ್ ಟೆಸ್ಟ್‌ಗೆ ಯಾಕೆ? ಕೊಡಲೇಬೇಕಾಗಿ ಬಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಅಪ್ಪ-ಅಮ್ಮನ ಒಪ್ಪಿಗೆ ಬೇಕು, ಮಕ್ಕಳನ್ನು ಗುರಿಯಿಟ್ಟು ಜಾಹೀರಾತು ಮಾಡುವಂತಿಲ್ಲ. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ಆದರೆ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಕಲಂಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಪಾಠಕ್ಕೆ, ಸುರಕ್ಷತೆಗೆ ಬೇಕಾದಷ್ಟು ಮಕ್ಕಳ ಮೇಲೆ ನಿಗಾ ಇಡಲು ಶಾಲೆಗಳಿಗೆ ರಿಯಾಯಿತಿಯೂ ಇದೆ. ಹಾಗಾಗಿ ಕಾಯ್ದೆ ಇದೆ ಅಂತ ನಿಶ್ಚಿಂತೆಯಿಂದ ಕೂರಬೇಡಿ.

ನಮಗೆ ಕೆಲಸಕ್ಕೆ ಬಂದದ್ದು ಲಿಖಿತ ಅರ್ಜಿ. ಮಗಳ ಯಾವ ಮಾಹಿತಿ ಯಾರಿಗೆ ಹೋಗಿದೆ, ಯಾವ ಆಧಾರದಲ್ಲಿ ಈ ಕ್ಲಾಸಿಗೆ ಹಾಕಿದ್ದೀರಿ ಅಂತ ಕೇಳಿ ಬರೆದು, ನಕಲಿನ ಮೇಲೆ ಶಾಲೆಯ ಸೀಲ್ ಹಾಕಿಸಿಕೊಂಡೆವು. ಬಾಯಲ್ಲಿ ಕೇಳಿದಾಗ ಆಗದ್ದು ಆಗ ಆಯಿತು. ಅಂಕ ನೋಡಿ ಅವಳನ್ನು ಮೊದಲಿನ ಗುಂಪಿಗೇ ಸೇರಿಸಿದರು. ಕೋಚಿಂಗ್‌ನವರಿಗೂ ಮಾಹಿತಿ ಅಳಿಸಿ ಅಂತ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು, ಉತ್ತರ ಇಲ್ಲ.

ಪೂರ್ವಸಿದ್ಧತಾ ಪರೀಕ್ಷೆ ಹೊತ್ತಿಗೆ ಇಂಥವರು ಇನ್ನೊಂದು ಸುತ್ತು ಬರುತ್ತಾರೆ. ಫಾರಂ ಬಂದರೆ ಜಾತಿ, ಆದಾಯ, ಆಧಾರ್ ಕಾಲಂಗೆ ಅಡ್ಡಗೆರೆ ಎಳೆಯಿರಿ. ಹಂಚಿಕೊಳ್ಳುವ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ, ಫೋಟೋ ತೆಗೆದಿಟ್ಟುಕೊಂಡು ಕಳಿಸಿ. ಹಾಗಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದರೆ ಬೇಡ ಬಿಡಿ, ಬೋರ್ಡಿನ ಹಳೇ ಪ್ರಶ್ನೆಪತ್ರಿಕೆ ಬಿಡಿಸಿದರೂ ಅಭ್ಯಾಸ ಆಗುತ್ತದೆ.