ಕಾಗದದ ರಾಕೆಟ್ ಹಾರಿಸಲು ಮೂರು ದಾರಿ: ಬಾಟಲಿ ತುಳಿತ, ಬಾಲ್ ವಾಲ್ವ್, ಡ್ರಿಪ್ ವಾಲ್ವ್

ಮೊದಲೇ ಹೇಳಿಬಿಡುತ್ತೇನೆ: ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಓಟು ತೋಟದ ಡ್ರಿಪ್ ಲೈನಿಗೆ ಹಾಕುವ ಒಂದು ಇಂಚಿನ ಸೊಲೆನಾಯ್ಡ್ ವಾಲ್ವ್‌ಗೆ, ಅಂದರೆ ಕರೆಂಟು ಕೊಟ್ಟರೆ ತೆರೆಯುವ ವಾಲ್ವ್‌ಗೆ. ಆದರೆ ಅದನ್ನು ಶಿವಮೊಗ್ಗದಲ್ಲೋ ಸಾಗರದಲ್ಲೋ ಡ್ರಿಪ್ ಅಂಗಡಿಗೆ ಹೋಗಿ, ನಿಪ್ಪಲ್ (ಎರಡೂ ತುದಿಗೆ ಸ್ಕ್ರೂ ಹಾಗೆ ಥ್ರೆಡ್ ಇರುವ ಗಿಡ್ಡ ಪೈಪು) ಹಾಕಿ ತಿರುಗಿಸಿ ನೋಡಿ ತಗೊಂಡರೆ ಮಾತ್ರ. ಆನ್‌ಲೈನ್‌ನಲ್ಲಿ ತರಿಸಿದರೆ ಏನಾಗುತ್ತೆ ಅನ್ನುವುದಕ್ಕೇ ಕೆಳಗೆ ಜಾಸ್ತಿ ಜಾಗ ಹೋಗಿದೆ.

ಬಾಟಲಿ ತುಳಿಯುವುದು ಎಲ್ಲರಿಗೂ ಗೊತ್ತು. ಎರಡು ಲೀಟರಿನ ಜ್ಯೂಸ್ ಬಾಟಲಿ, ಹಳೇ ಸೈಕಲ್ ಟ್ಯೂಬಿನ ತುಂಡು, ತುದಿಗೊಂದು ಪೈಪು. ಅರವತ್ತು ಕೆಜಿಯ ಆಳು ತುಳಿದರೆ ಆ ಭಾರ ಪಾದದ ಸುಮಾರು ನೂರು ಚದರ ಸೆಂ.ಮೀ. ಮೇಲೆ ಹಂಚಿ ಹೋಗುತ್ತೆ, ಅಂದರೆ ಒಳಗೆ ಸಿಗುವುದು ಚದರ ಸೆಂಟಿಮೀಟರಿಗೆ ಅರ್ಧ ಕೆಜಿ ಚಿಲ್ಲರೆ. ಶಾಲೆ ಮಕ್ಕಳಿಗೆ ಇದೇ ಸಾಕು, ಇದೇ ಸರಿ. ಐದಾರು ತುಳಿತಕ್ಕೆ ಬಾಟಲಿ ಮಡಿಕೆ ಬಿದ್ದು ಸೀಳುತ್ತೆ, ಇನ್ನೊಂದು ತಂದರಾಯಿತು.

ಉಳಿದ ಎರಡಕ್ಕೂ ಗಾಳಿ ತುಂಬಿಡುವ ಟ್ಯಾಂಕ್ ಬೇಕು. ಬಿಳಿ ಪಿವಿಸಿ ಪೈಪಿನಲ್ಲಿ ಮಾಡಬೇಡಿ. ಪೈಪಿನ ಮೇಲೆ 6 ಕೆಜಿ, 10 ಕೆಜಿ ಅಂತ ಬರೆದಿರುವುದು ನೀರಿಗೆ. ನೀರು ಒತ್ತಿದರೆ ಕುಗ್ಗಲ್ಲ, ಹಾಗಾಗಿ ಪೈಪು ಬಿರಿದರೆ ಸೋರಿ ಒತ್ತಡ ಇಳಿದು ಸುಮ್ಮನಾಗುತ್ತೆ. ಗಾಳಿ ಸ್ಪ್ರಿಂಗಿನ ಹಾಗೆ ಶಕ್ತಿ ಹಿಡಿದಿಟ್ಟುಕೊಂಡಿರುತ್ತೆ. ಬಿರುಕು ಬಿಟ್ಟ ಕ್ಷಣಕ್ಕೆ ಅಷ್ಟೂ ಹೊರಗೆ ಬಂದು ಪೈಪು ಗಾಜಿನ ಹಾಗೆ ಚೂರಾಗುತ್ತೆ. ಬಿಸಿಲಿಗೆ ಬಿದ್ದಿದ್ದ ಹಳೇ ಪೈಪಾದರೆ ಇನ್ನೂ ಬೇಗ.

ಅಡಿಕೆ ತೋಟ ಇರುವ ಮನೆಯಲ್ಲಿ ನೀರು ಚಿಮ್ಮಿಸುವ ಜೆಟ್ ಲೈನಿನದು 32 ಮಿ.ಮೀ. ಕಪ್ಪು ಎಚ್‌ಡಿಪಿಇ ಪೈಪಿನ ತುಂಡು ಬಿದ್ದೇ ಇರುತ್ತೆ. ಅದರಲ್ಲಿ ಎರಡೂವರೆ ಮೀಟರ್ ಕತ್ತರಿಸಿ, ಸುರುಳಿ ಸುತ್ತಿ, ಕಂಪ್ರೆಶನ್ ಫಿಟಿಂಗ್ ಹಾಕಿದರೆ ಸುಮಾರು 1.4 ಲೀಟರಿನ ಟ್ಯಾಂಕ್ ಆಯಿತು. ಈ ಪೈಪು ಜಗ್ಗುವ ಜಾತಿ, ಚೂರಾಗಿ ಸಿಡಿಯುವುದಲ್ಲ. ಹಾಗಂತ ಗೀರು ಬಿದ್ದದ್ದು, ಹೆಗ್ಗಣ ಕಡಿದದ್ದು ಬೇಡ. ಒಂದು ತುದಿಗೆ ವಾಲ್ವ್. ಇನ್ನೊಂದು ತುದಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಟೀ, ಅಂದರೆ ಮೂರು ಬಾಯಿಯ ಫಿಟಿಂಗ್ ಹಾಕಿ, ಒಂದು ಬಾಯಿಗೆ ಪ್ರೆಶರ್ ಗೇಜ್, ಮತ್ತೊಂದಕ್ಕೆ ಕ್ಯಾಪ್. ಆ ಕ್ಯಾಪಿಗೆ 11.5 ಮಿ.ಮೀ. ತೂತು ಕೊರೆದು ಗಾಳಿ ತುಂಬಲು, ನಟ್ ಹಾಕಿ ಬಿಗಿಯುವ ಲೋಹದ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಬೇಕು, ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. 40 ಪಿಎಸ್ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ನನ್ನ ಮಿತಿ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಸೇಫ್ಟಿಗೆ ಕುಕ್ಕರ್ ವಿಷಲ್ ಹಾಕುವ ಐಡಿಯಾ ಎಲ್ಲರಿಗೂ ಹೊಳೆಯುತ್ತೆ, ಆದರೆ ಅದು 15 ಪಿಎಸ್ಐಗೇ ಕೂಗಿಬಿಡುತ್ತೆ. ಕಂಪ್ರೆಸರಿನ ಸೇಫ್ಟಿ ವಾಲ್ವ್ ತಂದು 50ಕ್ಕೆ ಸೆಟ್ ಮಾಡಿಸಿ.

ಈಗ ಬಾಲ್ ವಾಲ್ವ್, ಅಂದರೆ ಹಿಡಿಕೆ ತಿರುಗಿಸಿ ತೆರೆಯುವ ವಾಲ್ವ್. ಅಗ್ಗ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ, ಬ್ಯಾಟರಿ ಬೇಡ, ಮಳೆಯಲ್ಲೂ ನಡೆಯುತ್ತೆ. ದೋಷ ಒಂದೇ, ನಿಧಾನ. ಲೆಕ್ಕ ಹಾಕಿ ನೋಡಿ. 80 ಜಿಎಸ್ಎಂನ ಎ4 ಹಾಳೆ 5 ಗ್ರಾಂ. ಮೂತಿ, ರೆಕ್ಕೆ, ಟೇಪು ಸೇರಿ ರಾಕೆಟ್ 10 ಗ್ರಾಂ ಆಸುಪಾಸು. ವಾಲ್ವಿನ ಮುಂದೆ ರಾಕೆಟ್ ಕೂರಿಸುವ ಅರ್ಧ ಇಂಚಿನ ಜಿಐ ಪೈಪಿನ ಹೊರ ವ್ಯಾಸ 21.3 ಮಿ.ಮೀ. 40 ಪಿಎಸ್ಐ ಪೂರ್ತಿ ತಾಗಿದರೆ ರಾಕೆಟ್ಟಿನ ಮೇಲೆ ಬೀಳುವ ದೂಡು ಹೆಚ್ಚುಕಮ್ಮಿ 10 ಕೆಜಿ ಭಾರದಷ್ಟು. ಹತ್ತು ಗ್ರಾಮಿನ ವಸ್ತು ಅಷ್ಟಕ್ಕೆ ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಪೈಪು ಬಿಟ್ಟು ಹೋಗಬೇಕು. ಹಿಡಿಕೆಯನ್ನು ಎಷ್ಟೇ ಜೋರಾಗಿ ಎಳೆದರೂ ಕೈಗೆ ಅದರ ಹತ್ತಿಪ್ಪತ್ತು ಪಟ್ಟು ಹೊತ್ತು ಬೇಕು. ಹಾಗಾಗಿ ವಾಲ್ವ್ ಕಾಲು ಭಾಗ ತೆರೆಯುವಷ್ಟರಲ್ಲೇ ರಾಕೆಟ್ ಸೋಮಾರಿಯ ಹಾಗೆ ಹೊರಟಿರುತ್ತೆ, ಹಿಂದಿನಿಂದ ಬಂದ ಗಾಳಿ ಬರೀ ಬುಸ್ ಅಂತ ವೇಸ್ಟು. ಪ್ರೆಶರ್ ಏರಿಸಿ ಇದನ್ನು ಸರಿಮಾಡಲು ಹೊರಡುವವರಿದ್ದಾರೆ, ಅದು ತಪ್ಪು ದಾರಿ. ಎಳೆಯುವವನ ಮುಖ ಪೈಪಿನ ಪಕ್ಕದಲ್ಲೇ ಇರುತ್ತೆ ಅನ್ನುವುದೂ ನನಗೆ ಹಿಡಿಸಿಲ್ಲ.

ಸೊಲೆನಾಯ್ಡ್ ವಾಲ್ವ್ ಹಾಗಲ್ಲ. ಗುಂಡಿ ಒತ್ತಿದರೆ ತಂತಿ ಸುತ್ತಿದ ಕಾಯಿಲ್ ತನ್ನೊಳಗಿನ ಸಣ್ಣ ಪಿನ್ನನ್ನು ಎತ್ತುತ್ತೆ, ರಬ್ಬರ್ ಡಯಾಫ್ರಮ್ಮಿನ ಮೇಲಿದ್ದ ಗಾಳಿ ಸೋರಿಹೋಗುತ್ತೆ, ಕೆಳಗಿನ ಒತ್ತಡವೇ ರಬ್ಬರನ್ನು ಎತ್ತಿ ಬಾಯಿ ಬಿಡಿಸುತ್ತೆ. ಟಪ್ ಅಂತ ಒಂದೇ ಸದ್ದು. ಕಾಯಿಲ್ ಮೇಲೆ 24 ವೋಲ್ಟ್ ಎ.ಸಿ. ಅಂತ ಬರೆದಿರುತ್ತೆ, 9 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದರೆ ಸಾಕು. ಬ್ಯಾಟರಿಯ ಡಿ.ಸಿ.ಯಲ್ಲಿ ಕಾಯಿಲ್ ಬೇಗ ಕಾಯುತ್ತೆ, ಒಂದು ಸೆಕೆಂಡಿಗಿಂತ ಒತ್ತಿ ಹಿಡಿಯಬೇಡಿ. ಕಾಲಿಂಗ್ ಬೆಲ್ ಗುಂಡಿ, ಐದಾರು ಮೀಟರ್ ವೈರು. ಬಾಡಿ ಮೇಲಿನ ಬಾಣದ ಗುರುತು ರಾಕೆಟ್ ಕಡೆಗಿರಲಿ, ತಿರುಗಿ ಹಾಕಿದರೆ ಗಾಳಿ ನಿಲ್ಲಲ್ಲ.

ಇನ್ನು ತಲೆನೋವಿಗೆ ಬರೋಣ. ಆನ್‌ಲೈನ್‌ನಲ್ಲಿ ಬರುವ ಒಂದು ಇಂಚಿನ ವಾಲ್ವ್‌ಗಳಲ್ಲಿ ಅಮೆರಿಕದ ಎನ್‌ಪಿಟಿ ಥ್ರೆಡ್ಡಿನವೂ ಇರುತ್ತವೆ. ನಮ್ಮ ಅಂಗಡಿಯ ಜಿಐ, ಪಿವಿಸಿ, ಎಚ್‌ಡಿಪಿಇ ಫಿಟಿಂಗ್ ಎಲ್ಲ ಬ್ರಿಟಿಷ್ ಪದ್ಧತಿಯ ಬಿಎಸ್‌ಪಿ ಥ್ರೆಡ್ಡಿನವು. ಪೆಟ್ಟಿಗೆ ಮೇಲೆ ಎರಡಕ್ಕೂ ‘1 ಇಂಚು’ ಅಂತಲೇ ಇರುತ್ತೆ, ಕಣ್ಣಿಗೂ ಒಂದೇ ಥರ ಕಾಣುತ್ತೆ. ಆದರೆ ಒಂದು ಇಂಚಿನ ಉದ್ದದಲ್ಲಿ ಬಿಎಸ್‌ಪಿಗೆ 11 ಥ್ರೆಡ್, ಎನ್‌ಪಿಟಿಗೆ ಹನ್ನೊಂದೂವರೆ. ಥ್ರೆಡ್ಡಿನ ಕೋನವೂ ಬೇರೆ, ಒಂದರದು 55 ಡಿಗ್ರಿ, ಇನ್ನೊಂದರದು 60. ಮೊದಲ ಎರಡು ಸುತ್ತು ಬೆಣ್ಣೆಯ ಹಾಗೆ ಹೋಗುತ್ತೆ, ಆಮೇಲೆ ಕಚ್ಚಿಕೊಳ್ಳುತ್ತೆ. ಇದು ಬಿಗಿಯಾಯಿತು ಅಂದುಕೊಂಡು ಟೆಫ್ಲಾನ್ ಟೇಪ್ ಸುತ್ತಿ ಪಂಪ್ ಹೊಡೆದರೆ ಗೇಜಿನ ಮುಳ್ಳು 20ಕ್ಕೆ ಹೋಗಿ ನೋಡನೋಡುತ್ತಾ ಇಳಿಯುತ್ತೆ.

ಇಲ್ಲಿ ಎಲ್ಲರೂ ಮಾಡುವುದು ಇನ್ನಷ್ಟು ಟೇಪು, ಇನ್ನೊಂದು ಸುತ್ತು ಪೈಪ್ ರೆಂಚು. ವಾಲ್ವಿನ ಬಾಡಿ ಪ್ಲಾಸ್ಟಿಕ್. ತುದಿ ಸಣ್ಣಗಾಗುತ್ತಾ ಹೋಗುವ ಜಿಐ ನಿಪ್ಪಲ್ ಅದರೊಳಗೆ ಸೌದೆ ಸೀಳುವ ಬೆಣೆಯ ಹಾಗೆ ಕೆಲಸ ಮಾಡುತ್ತೆ. ಕೂದಲೆಳೆಯಷ್ಟು ಬಿರುಕು ಬಿದ್ದದ್ದು ಸೋಪಿನ ನೊರೆ ಹಚ್ಚಿದಾಗಲೇ ಗೊತ್ತಾಗುವುದು, ಅಷ್ಟರಲ್ಲಿ ವಾಪಸ್ ಕಳಿಸುವ ಅವಧಿಯೂ ಮುಗಿದಿರುತ್ತೆ. ನೀರಿನ ಲೈನಿನಲ್ಲಾದರೆ ಇಂಥ ಜಾಯಿಂಟು ನಾಲ್ಕು ದಿನ ಜಿನುಗಿ ಕೆಸರು ಕೂತು ಮುಚ್ಚಿಕೊಂಡೀತು. ಗಾಳಿಗೆ ಆ ದಾಕ್ಷಿಣ್ಯ ಇಲ್ಲ.

ಪರೀಕ್ಷೆ ಸುಲಭ. ಟೇಪ್ ಇಲ್ಲದೆ, ರೆಂಚ್ ಇಲ್ಲದೆ ಒಂದು ಇಂಚಿನ ನಿಪ್ಪಲನ್ನು ಕೈಯಲ್ಲೇ ತಿರುಗಿಸಿ. ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಿ ನಿಧಾನಕ್ಕೆ ಬಿಗಿಯಾದರೆ ಬಿಎಸ್‌ಪಿ. ಎರಡು ಸುತ್ತಿಗೇ ನಿಂತು, ನಿಪ್ಪಲ್ ಇನ್ನೂ ಅಲ್ಲಾಡುತ್ತಿದ್ದರೆ ಅಲ್ಲೇ ಬಿಟ್ಟು ಬನ್ನಿ. ಆನ್‌ಲೈನೇ ಗತಿ ಅಂತಾದರೆ ಮುಕ್ಕಾಲು ಇಂಚಿನದು ತರಿಸಿ. ಆ ಅಳತೆಯಲ್ಲಿ ಎರಡೂ ಪದ್ಧತಿಗೆ ಇಂಚಿಗೆ 14 ಥ್ರೆಡ್ಡೇ ಇರುವುದು, ಟೇಪು ಹಾಕಿದರೆ ಕೂರುತ್ತೆ. ಯಾವುದಾದರೂ ಸರಿ, ಪ್ಲಾಸ್ಟಿಕ್ ಬಾಡಿಗೆ ಕೈಬಿಗಿ ಆದ ಮೇಲೆ ರೆಂಚಿನಲ್ಲಿ ಒಂದು ಸುತ್ತಿಗಿಂತ ಹೆಚ್ಚು ಬೇಡ.

ತೋಟದಿಂದ ಬಿಚ್ಚಿ ತಂದ ಹಳೇ ವಾಲ್ವ್ ಆದರೆ ಮೇಲಿನ ಸ್ಕ್ರೂ ಬಿಚ್ಚಿ ಡಯಾಫ್ರಮ್ ಒರೆಸಿ. ಒಂದು ಮರಳಿನ ಕಾಳು ಸಾಕು, ಗಾಳಿ ನಿಲ್ಲದಿರಲು.

ರಾಕೆಟ್ ವಿಷಯ ಮೂರಕ್ಕೂ ಒಂದೇ. ಪೈಪಿಗೆ ಮೊದಲು ಒಂದು ಖಾಲಿ ಹಾಳೆ ಸುತ್ತಿ, ಅದರ ಮೇಲೆ ರಾಕೆಟ್ಟಿನ ಹಾಳೆ ಸುತ್ತಿ ಟೇಪು ಹಚ್ಚಿ, ಆಮೇಲೆ ಒಳಗಿನದನ್ನು ಎಳೆದು ತೆಗೆಯಿರಿ. ಜಾರುವಷ್ಟೇ ಸಡಿಲ ಸಿಗುತ್ತೆ. ಮೂತಿಗೆ ಅಡ್ಡಡ್ಡ ಟೇಪು ಎರಡು ಪದರ, ಇಲ್ಲದಿದ್ದರೆ ಮೂತಿಯೊಂದೇ ಹಾರಿ ಮೈ ಪೈಪಿನಲ್ಲೇ ಉಳಿಯುತ್ತೆ. ಮಳೆಗಾಲದಲ್ಲಿ ಅಂಟು ಬೇಡ, ನಮ್ಮ ಕಡೆಯ ಥಂಡಿಗೆ ಅದು ಒಣಗುವುದೇ ಇಲ್ಲ. ಹಾಳೆಯನ್ನೂ ಒಲೆ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು ತೆಗೆದರೆ ರೆಕ್ಕೆ ಜೋತು ಬೀಳಲ್ಲ. ಪೈಪಿಗೆ ಕಾಗದ ಬಿಟ್ಟು ಬೇರೇನೂ ಹಾಕಬೇಡಿ. ಮಂಗ ಓಡಿಸಲು ಆಗುತ್ತಾ ಅಂತ ಕೇಳುವವರಿಗೆ ಉತ್ತರ: ಇಲ್ಲ.

ಜಾಗ ಅಂದರೆ ಕೊಯ್ಲು ಮುಗಿದ ಗದ್ದೆ, ಕರೆಂಟಿನ ತಂತಿ ಇಲ್ಲದ ಕಡೆ. 2023ರಿಂದ ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ಇಳಿಯುತ್ತಿದೆ, ಆ ಸುತ್ತಮುತ್ತ ಬೇಡವೇ ಬೇಡ.

ದುಡ್ಡಿನ ಲೆಕ್ಕದಲ್ಲಿ ಬಾಲ್ ವಾಲ್ವೇ ಗೆಲ್ಲುತ್ತೆ, ಸೊಲೆನಾಯ್ಡ್‌ಗೆ ಅದರ ಹಲವು ಪಟ್ಟು ಬೆಲೆ. ನನ್ನ ಬಳಕೆ ಭಾನುವಾರ ಸಂಜೆ, ಸುತ್ತ ನಾಲ್ಕೈದು ಮಕ್ಕಳು, ಒಂದರ ಹಿಂದೊಂದು ಇಪ್ಪತ್ತು ಸಲ. ಹಾಗಾಗಿ ಎಲ್ಲರನ್ನೂ ಐದು ಮೀಟರ್ ಹಿಂದೆ ನಿಲ್ಲಿಸಿ ಗುಂಡಿ ಕೊಡುವುದಕ್ಕೇ ಆ ದುಡ್ಡು. ಪೈಪು, ಜೆಟ್ಟಿನ ಫಿಟಿಂಗು ಮನೆಯಲ್ಲೇ ಇರುವುದರಿಂದ ಅಷ್ಟೇನೂ ಭಾರ ಅನ್ನಿಸಲಿಲ್ಲ. ವರ್ಷಕ್ಕೆರಡು ಸಲ ಶಾಲೆಯಲ್ಲಿ ತೋರಿಸಲಿಕ್ಕಷ್ಟೇ ಬೇಕೆಂದರೆ ಬಾಟಲಿ ತುಳಿಸಿ. ಆಟ ಮುಗಿದ ಮೇಲೆ ಪೈಪಿನ ಮೇಲೆ ರಾಕೆಟ್ ಇಲ್ಲದಿರುವುದನ್ನು ನೋಡಿಕೊಂಡು ಕಾಯಿಲನ್ನು ಕೈಯಲ್ಲಿ ಕಾಲು ಸುತ್ತು ಸಡಿಲಿಸಿ, ಉಳಿದ ಗಾಳಿ ಹೋಗಲಿ. ಸುರುಳಿಯನ್ನು ತಲೆಕೆಳಗು ಮಾಡಿ ಇಡಿ. ಜುಲೈ, ಆಗಸ್ಟಿನ ಗಾಳಿ ತುಂಬಿದ್ದರೆ ಒಳಗಿಂದ ಒಂದಷ್ಟು ನೀರೂ ಇಳಿಯುತ್ತೆ.