ಅಪ್ಪನ ಕೆರೆ, ಯೂನಿವರ್ಸಿಟಿ, ಅಷ್ಟೂರು: ನನ್ನ ಸೈಕಲ್ಲಿಗೆ ಯಾವ ದಾರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗುಲಬರ್ಗಾ ಯೂನಿವರ್ಸಿಟಿ ಒಳಗಿನ ರಸ್ತೆಗೆ. ಜಾಸ್ತಿ ದುಡ್ಡು ಕಳೆದದ್ದೂ ಅದೇ ರಸ್ತೆಯಲ್ಲಿ.

ಡಾಕ್ಟರು ಶುಗರ್ ಏರಿದೆ ಅಂದರು. ದೀಪಾವಳಿಗೆ ಗೇರ್ ಸೈಕಲ್ ತಗೊಂಡೆ, ತೆಳು ಟೈರಿನದು. ಅಂಗಡಿಯವನು ಎರಡು ಬೆರಳಲ್ಲಿ ಎತ್ತಿ ತೋರಿಸಿದ, ನಾನು ಮರುಳಾದೆ.

ಮೊದಲ ವಾರ ನಮ್ಮ ಕಲಬುರಗಿಯ ಅಪ್ಪನ ಕೆರೆ. ಮನೆಗೆ ಹತ್ತಿರ, ನೀರಿನ ಕಡೆಯಿಂದ ಗಾಳಿ, ನಡೆಯೋರಿಗೆ ಹೇಳಿ ಮಾಡಿಸಿದ ಜಾಗ. ಸೈಕಲ್ಲಿಗಲ್ಲ. ಹಿಂದಿನಿಂದ ಬೆಲ್ ಹೊಡೆದರೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ, ಮೂರನೆಯವರು ಅಲ್ಲೇ ನಿಂತು ತಿರುಗಿ ನೋಡುತ್ತಾರೆ.

ಆಮೇಲೆ ಯೂನಿವರ್ಸಿಟಿ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಪಕ್ಕ ಜೀವ ಹಿಡಿದುಕೊಂಡು ಹೋಗಬೇಕು. ಒಳಗೆ ಹೊಕ್ಕರೆ ಬೇರೆಯೇ ಊರು. ಡಾಂಬರು, ಬೇವಿನ ಮರ, ನವಿಲಿನ ಕೂಗು. ಅಲ್ಲಿಂದ ಬುದ್ಧ ವಿಹಾರಕ್ಕೂ ಒಂದು ಚಕ್ಕರ್ ಹೊಡೆಯಬಹುದು. 2009ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಉದ್ಘಾಟಿಸಿದ್ದು. ಬಿಳಿ ಗುಮ್ಮಟದ ಮೇಲೆ ಬಿಸಿಲು ಬೀಳುವ ಹೊತ್ತಿಗೆ ನನ್ನ ಎರಡನೇ ಸುತ್ತು ಮುಗಿದಿರುತ್ತದೆ.

ಮುಗಿಯಬೇಕು ಅಷ್ಟೇ. ನಡುವೆ ನೆಗ್ಗಿನ ಮುಳ್ಳು ಇದೆಯಲ್ಲ!

ಮಳೆಗಾಲದಲ್ಲಿ ರಸ್ತೆ ಅಂಚಿಗೆ ಹಬ್ಬಿ ಹಳದಿ ಹೂ ಬಿಡುತ್ತದಲ್ಲ, ಅದೇ. ಚಂದ ಅಂತ ಫೋಟೋ ಕೂಡ ತೆಗೆದಿದ್ದೆ. ಮಳೆ ನಿಂತ ಮೇಲೆ ಕಾಯಿ ಒಣಗಿ ಐದು ಚೂರಾಗುತ್ತದೆ. ಚೂರು ಹೇಗೇ ಬಿದ್ದಿರಲಿ, ಒಂದು ಮುಳ್ಳು ಮೇಲಕ್ಕೆ ನೋಡುತ್ತಿರುತ್ತದೆ. ಹಿಂದೆ ಕಾರು ಬಂತು ಅಂತ ನಾನು ಅಂಚಿಗೆ ಸರಿದದ್ದು ಹತ್ತು ಹೆಜ್ಜೆಯಷ್ಟು ದೂರ ಮಾತ್ರ. ಮನೆತನಕ ಸೈಕಲ್ ನೂಕಿದ್ದು ನಾಲ್ಕು ಕಿಲೋಮೀಟರ್.

ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಬೋಗಾಣಿ ನೀರಲ್ಲಿ ಮುಳುಗಿಸಿದ. ಏಳು ಕಡೆ ಗುಳ್ಳೆ. 'ಸರ, ಇದು ಸೈಕಲ್ ಅಲ್ರಿ, ಬಲೂನ್ ಅದ' ಅಂದ. ಆ ತಿಂಗಳಲ್ಲಿ ಮೂರು ಸಲ ಹೋದೆ. ಮೂರನೇ ಸಲ ಅವನಿಗೇ ಪಾಪ ಅನಿಸಿರಬೇಕು. ಹಳೆ ಟ್ಯೂಬ್ ಒಂದನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಹಾಸಿಕೊಟ್ಟ. ಸೈಕಲ್ ಸ್ವಲ್ಪ ಭಾರ ಆಯಿತು, ಆದರೆ ಸಂಕ್ರಾಂತಿಯಿಂದ ಈಚೆಗೆ ಒಂದೂ ಪಂಕ್ಚರ್ ಇಲ್ಲ. ನಾನೂ ಈಗ ಅಂಚಿಗೆ ಇಳಿಯುವುದಿಲ್ಲ, ಕಾರಿನವರು ಹಾರ್ನ್ ಹೊಡೆದುಕೊಳ್ಳಲಿ.

ಅಷ್ಟೂರು ಹೊಡೆದದ್ದು ಬೀದರಿನಲ್ಲಿ ತಂಗಿ ಮನೆಗೆ ಹೋದಾಗ, ಭಾವನ ದಪ್ಪ ಟೈರಿನ ಸೈಕಲ್ ಮೇಲೆ. ನೋಟದಲ್ಲಿ ಇದಕ್ಕೆ ಸಾಟಿ ಇಲ್ಲ. ಮೊದಲು ಚೌಖಂಡಿ ಅನ್ನೋ ಹಳೇ ಗೋರಿ ಕಟ್ಟಡ, ಮುಂದೆ ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು. ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಬೀದರಿಗೆ ಒಯ್ದ ಅಹಮದ್ ಶಾಹನ ಗೋರಿಯೂ ಅಲ್ಲೇ. ಬೆಳಗಿನ ಗಾಳಿ ನಮ್ಮೂರಿಗಿಂತ ತಂಪು. ಮಣ್ಣು ಕೆಂಪು. ನಮ್ಮ ಎರೆ ಮಣ್ಣಿನ ಹಾಗೆ ಹಸಿಯಾದಾಗ ಚಕ್ರಕ್ಕೆ ಮೆತ್ತಿಕೊಂಡು ಬ್ರೇಕಿನ ತನಕ ಏರುವುದಿಲ್ಲ. ರಸ್ತೆ ಮಾತ್ರ ಎಲ್ಲಾ ಕಡೆ ಒಂದೇ ಸಮ ಇಲ್ಲ.

ಆದರೆ ದಿನಾ ಬೀದರಿಗೆ ಯಾರು ಹೋಗುತ್ತಾರೆ? ನನಗೆ ಬೇಕಿರೋದು ಏಳೂವರೆಗೆ ಮನೆ ಸೇರಿ, ಸ್ನಾನ ಮಾಡಿ ಆಫೀಸಿಗೆ ಹೊರಡುವಂಥ ದಾರಿ. ಬೇಸಿಗೆಯಲ್ಲಂತೂ ಎಂಟರ ಮೇಲೆ ಇಲ್ಲಿ ಪೆಡಲ್ ತುಳಿಯುವ ಮಾತೇ ಇಲ್ಲ. ಹೊಸ ಸೈಕಲ್ಲಿಗೆ ದುಡ್ಡೂ ಇಲ್ಲ. ಹಾಗಾಗಿ ಯೂನಿವರ್ಸಿಟಿಯೇ, ತೇಪೆ ಹಾಕಿದ ಟ್ಯೂಬಿನ ಜೊತೆಗೇ. ನೀವು ಈಗಷ್ಟೇ ಕೊಳ್ಳೋರಾದರೆ ದಪ್ಪ ಟೈರಿನದು ತಗೊಳ್ಳಿ.

ಭಾನುವಾರ ಮಾತ್ರ ಅಪ್ಪನ ಕೆರೆ, ಹೆಂಡತಿ ಜೊತೆ, ನಡೆದುಕೊಂಡು. ಹಿಂದಿನಿಂದ ಯಾರಾದರೂ ಬೆಲ್ ಹೊಡೆದರೆ ನಾನೂ ಅಲ್ಲೇ ನಿಂತು ತಿರುಗಿ ನೋಡುತ್ತೇನೆ.